ಹೇಮಾವತಿ ತೊಳೆದ ಹುಲ್ಲು

ತಾಳ್ಯ ಹೋಬಳಿಯ ಈ ಊರಿನ ಮಹಿಳಾ ಹಾಲಿನ ಸಂಘದಲ್ಲಿ ಗಂಡಸರು ಸದಸ್ಯರಾಗುವಂತಿಲ್ಲ. ಹೆಂಡತಿಗೆ ಜ್ವರ ಬಂದೋ ಇನ್ನೇನಾಗಿಯೋ ಗಂಡನೇ ಹಾಲು ತಂದರೆ ಹೊಸ್ತಿಲ ಹೊರಗೆ ನಿಂತು, ಹೆಂಡತಿಯ ಹೆಸರು ಕೂಗಿ, ಕ್ಯಾನನ್ನು ಒಳಗೆ ಚಾಚಬೇಕು. ಹೀಗೆಂದು ಯಾರೂ ನಿಯಮ ಮಾಡಿದ್ದಲ್ಲ. ಮೊದಲ ದಿನದಿಂದ ಹಾಗೇ ನಡೆದುಬಂದಿದೆ.

ಹೇಮಾವತಿಗೆ ಈ ಸಂಘದ ಮೇಲೆ ಬೇರೆಯದೇ ಮಮತೆ. ಹೊಲದ ಪಹಣಿ ಗಂಡ ಮುರುಗಪ್ಪನ ಹೆಸರಿನಲ್ಲಿದೆ. ಮನೆ ಅತ್ತೆ ಗಂಗಕ್ಕನ ಹೆಸರಿನಲ್ಲಿದೆ. ಊರಿನಲ್ಲಿ ಅವಳನ್ನು ಮುರುಗಪ್ಪನ ಹೆಂಡತಿ ಎಂದೋ ಗಂಗಕ್ಕನ ಸೊಸೆ ಎಂದೋ ಕರೆಯುತ್ತಾರೆ. ಬೆಳಿಗ್ಗೆ ಸಂಘದ ಸಾಲಿನಲ್ಲಿ ಮಾತ್ರ ಕಾರ್ಯದರ್ಶಿ ಮಂಗಳಾ "ಹೇಮಾವತಿ" ಎಂದು ಕೂಗುತ್ತಾಳೆ. ಹಾಲಿನ ದುಡ್ಡು ಅವಳ ಖಾತೆಗೇ ಬರುತ್ತದೆ. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಮನೆಯವರು ಹೇಳುತ್ತಾರೆ, ನಿಜ. ಆದರೆ ಬ್ಯಾಂಕಿಗೆ ಹೋಗಿ ತರುವವಳು ಅವಳು.

ಎದ್ದು ಸಗಣಿ ಬಾಚುವುದು, ಹಾಲು ಕರೆಯುವುದು, ಸಂಘಕ್ಕೆ ಹೋಗಿಬರುವುದು, ರೊಟ್ಟಿ ಬಡಿಯುವುದು, ಸಿರಿಗೆರೆ ಕಾಲೇಜಿಗೆ ಬಸ್ಸು ಹಿಡಿಯುವ ಮಗಳು ಅನುಷಾಗೆ ಬುತ್ತಿ ಕಟ್ಟುವುದು, ಆಮೇಲೆ ಹೊಲಕ್ಕೆ ಹೋಗುವುದು. ಮಳೆಗಾಲದಲ್ಲಿ ಹೊಲ ಅಂದರೆ ಕಳೆ. ಮೆಕ್ಕೆಜೋಳದ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕುಡುಗೋಲಿನಿಂದ ಕೆದಕುತ್ತ ಮುಂದೆ ಸರಿಯಬೇಕು. ಸಂಜೆ ಏಳುವಾಗ ಸೊಂಟ ಬೇರೆ ಯಾರದೋ ಅನ್ನಿಸುತ್ತದೆ.

ಆದರೆ ಕಿತ್ತ ಕಳೆಗೆ ಇಲ್ಲಿ ಒಡತಿಯರಿದ್ದಾರೆ. ಸ್ವಂತ ಹೊಲವಿರಲಿ, ಕೂಲಿಗೆ ಹೋದ ಹೊಲವಿರಲಿ, ಕಿತ್ತವಳು ಅದನ್ನು ಹೊರೆ ಕಟ್ಟಿ ಮನೆಗೆ ಒಯ್ಯುತ್ತಾಳೆ. ಹುಲ್ಲು ಹಸುವಿಗೆ, ಅಣ್ಣೆಸೊಪ್ಪು ಗೋಣಿಸೊಪ್ಪು ಸಾರಿಗೆ. ಇದಕ್ಕೆ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಹೇಮಾವತಿಯ ಎರಡು ಹಸುಗಳು ಮಳೆಗಾಲ ಪೂರ್ತಿ ಬದುಕುತ್ತಿದ್ದದ್ದು ಈ ಹೊರೆಯ ಮೇಲೆ.

ಈ ಸಲ ಮುಂಗಾರಿನಲ್ಲಿ ಮುರುಗಪ್ಪ ಕಳೆ ಔಷಧಿ ತಂದ. ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಹೆಚ್ಚು ಎನ್ನುವುದು ಅವನ ಮಾತು. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊರಟವನು ಹೆಂಡತಿಗೆ ಉಪಕಾರ ಮಾಡುವವನಂತೆ ನಿಂತ.

"ನಿಂಗೇ ಸಲೀಸಾತು ಬಿಡು. ದಿನಾ ಸೊಂಟ ಸೊಂಟ ಅಂತಿದ್ಯಲ್ಲ."

"ಹಸುಗೆ ಏನ್ ಹಾಕಾಣ?" ಎಂದಳು ಹೇಮಾವತಿ.

"ಹುಲ್ಲಿಗೇನ್ ಬರ? ಕೆರೆ ಏರಿ ಮ್ಯಾಲೆ ಆಳುದ್ದ ಬೆಳ್ದು ನಿಂತೈತೆ."

ಕೆರೆ ಏರಿ ಹೊಲದಿಂದ ಇನ್ನೂ ಅಷ್ಟು ದೂರ. ಅಲ್ಲಿಂದ ಹೊರೆ ಹೊತ್ತು ಬರುವುದು ಯಾರೆಂದು ಅವನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅಂತೂ ಕುಕ್ಕರುಗಾಲಿನ ಕೆಲಸ ಹೋಗಿ ತಲೆಹೊರೆಯ ಕೆಲಸ ಬಂತು. ಮನೆಯ ಬಾಯಲ್ಲಿ ಮಾತ್ರ ಅದು ಸಲೀಸಾಯಿತು.

ಔಷಧಿ ಹೊಡೆದ ಮಾರನೆಯ ದಿನ ಹೇಮಾವತಿ ಹೊಲ ನೋಡಲು ಹೋದಳು. ಕಳೆ ಸತ್ತಿರಲಿಲ್ಲ. ಅಗಲ ಎಲೆಯವು ಸ್ವಲ್ಪ ಮುರುಟಿಕೊಂಡು, ದಂಟು ತಿರುಚಿ ನಿಂತಿದ್ದವು. ಹಸಿರು ಹಾಗೇ ಇತ್ತು. ಎಲ್ಲ ಕಡೆ ಮೊಳಕಾಲೆತ್ತರ ಮೇವು. ಇನ್ನು ನಾಲ್ಕು ದಿನ ಬಿಟ್ಟರೆ ಎಲ್ಲ ಒಣಗಿ ಕರಗಿ ಹೋಗುತ್ತದೆ.

ಉಳಿದ ಅನ್ನಕ್ಕೆ ಒಗ್ಗರಣೆ ಹಾಕುವ, ಹರಿದ ಸೀರೆಯಲ್ಲಿ ಕೌದಿ ಹೊಲಿಯುವ ಕೈ ಅದು. ಕಣ್ಣೆದುರು ಅಷ್ಟೊಂದು ಮೇವು ಹಾಳಾಗುವುದನ್ನು ನೋಡಿಕೊಂಡು ಬರಲು ಅವಳಿಂದ ಆಗಲಿಲ್ಲ. ಹೇಗೂ ಸಾಯುವ ಕಳೆ, ಹಸುವಾದರೂ ತಿನ್ನಲಿ ಅಂದುಕೊಂಡಳು. ಔಷಧಿ ಬಿದ್ದಿರುವುದು ಅವಳಿಗೆ ಗೊತ್ತಿತ್ತು. ಅದಕ್ಕೇ ತೊಳೆದಳು. ಸಂತೆಯಿಂದ ತಂದ ಕೊತ್ತಂಬರಿ, ಹೂಕೋಸು ತೊಳೆಯುವ ಹಾಗೆ ಸಿಮೆಂಟ್ ತೊಟ್ಟಿಯಲ್ಲಿ ಅದ್ದಿ, ಕೊಡವಿ, ನೀರು ಬದಲಿಸಿ ಮತ್ತೆ ಅದ್ದಿದಳು. ವಾಸನೆ ಹೋಯಿತು. ಇದನ್ನು ಹಸುವಿಗೆ ಹಾಕಬಹುದಾ ಎಂದು ರಾತ್ರಿ ಊಟಕ್ಕೆ ಕೂತ ಗಂಡನನ್ನು ಒಂದು ಮಾತು ಕೇಳಿದಳು.

"ಅಂಗಡಿಯವ್ರು ಎರಡು ದಿನ ಬಿಟ್ರೆ ಏನೂ ಆಗಲ್ಲ ಅಂದಾರೆ" ಎಂದ ಮುರುಗಪ್ಪ. ಬಾಟಲಿಯ ಚೀಟಿಯಲ್ಲಿ ದನ ಮೇಯಿಸುವ ವಿಷಯ ಏನಿತ್ತೋ ಇಬ್ಬರೂ ನೋಡಿರಲಿಲ್ಲ. ಬಾಟಲಿ ಆಗಲೇ ಬೇಲಿ ಸೇರಿತ್ತು.

ಹಸುಗಳು ಆ ಮೇವನ್ನು ಎಂದಿಗಿಂತ ಆಸೆಯಿಂದ ತಿಂದವು. ಮಿಕ್ಕಿದ್ದನ್ನು ಅವಳು ಕೊಟ್ಟಿಗೆಯ ತಗಡಿನ ಮೇಲೆ ಹರವಿ ಒಣಗಿಸಿ, ಕಟ್ಟು ಕಟ್ಟಿ ಇಟ್ಟಳು.

ಅದೇ ವಾರ ಹಾಲು ಒಕ್ಕೂಟದ ಮಾರ್ಗ ಮೇಲ್ವಿಚಾರಕ ರವೀಂದ್ರ ಮಾದರಿ ತೆಗೆಯಲು ಸಂಘಕ್ಕೆ ಬಂದ. ದೊಡ್ಡ ಕ್ಯಾನಿನಿಂದ ಒಂದು ಬಾಟಲಿ, ಒಬ್ಬೊಬ್ಬ ಸದಸ್ಯೆಯ ಹಾಲಿನಿಂದ ಒಂದೊಂದು ಪುಟ್ಟ ಬಾಟಲಿ. ಎಲ್ಲವನ್ನೂ ಐಸ್ ಡಬ್ಬಿಯಲ್ಲಿಟ್ಟುಕೊಂಡು ಹೋದ. ವರ್ಷಕ್ಕೊಮ್ಮೆ ಹೀಗೆ ಬರುತ್ತಾರೆ, ಹೋಗುತ್ತಾರೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಹದಿನೈದು ದಿನ ಕಳೆದಿರಬಹುದು. ಬೆಳಿಗ್ಗೆ ಸಾಲಿನಲ್ಲಿ ಹೇಮಾವತಿಯ ಸರದಿ ಬಂದಾಗ ಮಂಗಳಾ ಅವಳ ಕ್ಯಾನಿನ ಮೇಲೆ ಕೈ ಇಟ್ಟಳು.

"ಅಕ್ಕ, ಇವತ್ತು ಬ್ಯಾಡ. ಪಕ್ಕಕ್ಕೆ ಬಾ."

ಪಕ್ಕದಲ್ಲಿ ರವೀಂದ್ರ ನಿಂತಿದ್ದ. ಒಳ್ಳೆಯ ಹುಡುಗ, ದನಿ ಎತ್ತಲಿಲ್ಲ. ಊರಿನ ದೊಡ್ಡ ಕ್ಯಾನಿನ ಹಾಲಿನಲ್ಲಿ ಕಳೆ ಔಷಧಿಯ ಅಂಶ ಮಿತಿಗಿಂತ ಹೆಚ್ಚು ಸಿಕ್ಕಿದೆ, ಆಮೇಲೆ ಒಂದೊಂದೇ ಬಾಟಲಿ ತೆಗೆದು ನೋಡಿದ್ದಾರೆ, ಅವಳದು ಎಲ್ಲಕ್ಕಿಂತ ಮೇಲಿದೆ ಎಂದು ಹೇಳಿದ.

"ಮಿತಿ ಅಂದ್ರೆ?"

"ಮೆಕ್ಕೆಜೋಳದಾಗೆ ಇಷ್ಟು ಇರಬಹುದು, ಮೊಟ್ಟೆ ಮಾಂಸದಾಗೆ ಇಷ್ಟು, ಹಾಲಾಗೆ ಇಷ್ಟು ಅಂತ ಸರ್ಕಾರ ಮಾಡೈತೆ ಅಕ್ಕ. ಅದ್ರ ಮ್ಯಾಲೆ ಇದ್ರೆ ಮಾರಂಗಿಲ್ಲ. ಹಾಲಿಂದು ಬಾಳ ಕಮ್ಮಿ. ಟ್ಯಾಂಕರ್ ತುಂಬ ಹಾಲಿಗೆ ಒಂದು ಚಿಟಿಕೆ ಉಪ್ಪು ಹಾಕ್ದಷ್ಟು."

"ನಾನು ಹುಲ್ಲು ತೊಳ್ದೇ ಹಾಕಿದ್ನಲ್ಲಪ್ಪ."

"ಗಿಡ ಒಳಗೆ ಕುಡ್ಕಂಡಿರ್ತೈತೆ ಅಕ್ಕ. ತೊಳೆದ್ರೆ ಮ್ಯಾಲಿಂದು ಹೋಗ್ತೈತೆ, ಒಳಗಿಂದು ಹೋಗಲ್ಲ."

ಎರಡು ಸಲ ಪರೀಕ್ಷೆಯಲ್ಲಿ ಸರಿಬರುವವರೆಗೆ ಅವಳ ಹಾಲು ಸಂಘಕ್ಕೆ ಬೇಡ ಎಂದಾಯಿತು. ಮತ್ತೊಮ್ಮೆ ಸಿಕ್ಕರೆ ಊರಿನ ಹಾಲನ್ನೇ ನಿಲ್ಲಿಸುತ್ತಾರೆ. ಆಗ ಅವಳ ಸದಸ್ಯತ್ವ ರದ್ದು ಮಾಡದೆ ದಾರಿ ಇರುವುದಿಲ್ಲ ಎಂದು ಮಂಗಳಾ ತಗ್ಗಿದ ದನಿಯಲ್ಲಿ ಹೇಳಿದಳು. ಹೇಮಾವತಿ ತುಂಬಿದ ಕ್ಯಾನ್ ಹಿಡಿದು ವಾಪಸು ಬಂದಳು. ಆ ದಾರಿಯಲ್ಲಿ ಅವಳು ಯಾವತ್ತೂ ತುಂಬಿದ ಕ್ಯಾನ್ ಹಿಡಿದು ಮನೆಯ ಕಡೆಗೆ ನಡೆದಿರಲಿಲ್ಲ.

ಹಾಲು ಬೇಡವೆಂದರೂ ಕರೆಯುವ ಕೆಲಸ ನಿಲ್ಲುವುದಿಲ್ಲ. ಕರೆಯದಿದ್ದರೆ ಕೆಚ್ಚಲು ಬಾತುಕೊಳ್ಳುತ್ತದೆ. ಎರಡು ಹೊತ್ತು ಕರೆದು, ಬೇಲಿಯ ಪಕ್ಕ ತೋಡಿದ ಗುಂಡಿಗೆ ಸುರಿದಳು. ಒಣಗಿಸಿಟ್ಟ ಕಟ್ಟುಗಳನ್ನೂ ಅದೇ ಗುಂಡಿಗೆ ಹಾಕಿದಳು. ಗಂಗಕ್ಕ ಪಡಸಾಲೆಯಿಂದ ಎದ್ದು ಬಂದಳು.

"ಹಾಲ್ನ ಮಣ್ಣಿಗೆ ಹುಯ್ಯಾಕೆ ಕೈ ಹೆಂಗ್ ಬರ್ತೈತೆ ನಿಂಗೆ? ಅವ್ರು ತಗಳ್ದಿದ್ರೆ ಬ್ಯಾಡ. ಹೆಪ್ಪು ಹಾಕು. ಬೆಣ್ಣೆ ತೆಗ್ಯಾಣ."

"ಅದ್ರಾಗೆ ಔಷಧಿ ಐತಂತೆ ಅತ್ತೆ."

"ಮೊಸರಾದ್ರೆ ಎಲ್ಲಾ ಹೋಗ್ತೈತೆ. ನಾವೇನ್ ಇಷ್ಟು ದಿನ ಕುಡ್ದಿಲ್ವಾ? ಸತ್ವಾ?"

ಮುರುಗಪ್ಪನದೂ ಅದೇ ಮಾತು. ಮಾರಬೇಡ ಅಂದಿದ್ದಾರೆ, ಕುಡಿಯಬೇಡ ಅಂದಿದ್ದಾರಾ?

ಹೇಮಾವತಿ ಖಾಲಿ ಕ್ಯಾನನ್ನು ಬೋರಲು ಹಾಕಿ ಹೇಳಿದಳು. "ಮಾರೋ ಹಾಲಾದ್ರೆ ಬಾಟ್ಲಿ ಹಿಡ್ಕಂಡು ಬರ್ತಾರೆ, ನೋಡ್ತಾರೆ. ನಾವು ಕುಡಿಯಾದ್ನ ಯಾರ್ ಬಂದು ನೋಡ್ತಾರೆ? ಪ್ಯಾಟಿ ಮಂದಿ ಕುಡಿಬಾರ್ದು ಅಂದಿದ್ನ ನನ್ ಮಗಳು ಯಾಕ್ ಕುಡಿಬೇಕು?"

ಅವತ್ತಿನಿಂದ ಮನೆಯಲ್ಲಿ ಕರಿ ಚಹಾ. ಎರಡು ಹಸು ಕಟ್ಟಿಕೊಂಡು ಕರಿ ಚಹಾ ಕುಡಿಯುವ ಮನೆ ಎಂದು ಗಂಗಕ್ಕ ಬಂದವರಿಗೆಲ್ಲ ಹೇಳಿದಳು. ಹೇಮಾವತಿ ಕೆರೆ ಏರಿಯಿಂದ ಹುಲ್ಲು ತರತೊಡಗಿದಳು. ಬೆಳಗಿನ ಕೆಲಸವೆಲ್ಲ ಮುಗಿಸಿ ಹೊರಟರೆ ಹೊರೆಯೊಂದಿಗೆ ಮನೆ ಸೇರುವಾಗ ಮಧ್ಯಾಹ್ನ ಜಾರಿರುತ್ತಿತ್ತು. ಆ ಹೊತ್ತಿಗೆ ಊಟ ಬಡಿಸಲು ಕಾಯುವ ತಟ್ಟೆಗಳೂ ಇರುತ್ತಿದ್ದವು.

ಮೊದಲ ಪರೀಕ್ಷೆ ಸರಿಬಂತು. ಎರಡನೆಯದೂ ಸರಿಬಂತು. ಮಂಗಳಾ ಮನೆಗೇ ಬಂದು ಹೇಳಿದಳು.

"ಭಾನುವಾರ ಸಭೆ ಐತೆ ಅಕ್ಕ. ಎಲ್ಲಾರ ಮುಂದೆ ಒಂದು ಮಾತು ಹೇಳಿಬಿಡು. ಇನ್ಮ್ಯಾಲೆ ಔಷಧಿ ಹೊಡ್ದ ಹೊಲದ ಮೇವು ಹಾಕಲ್ಲ ಅಂತ. ಸೋಮವಾರದಿಂದ ಹಾಲು ತಾ."

ಯಾರಾದರೂ ಥಟ್ಟನೆ ಆಗಲಿ ಎನ್ನುವ ಮಾತು. ಹೇಮಾವತಿ ಲೆಕ್ಕ ಹಾಕಿ ನೋಡಿದಳು. ಯಾವ ಸಾಲಿಗೆ ಹೊಡೆದಿದೆ, ಯಾವ ಬದುವಿನ ಮೇಲೆ ಗಾಳಿಗೆ ಹಾರಿ ಬಿದ್ದಿದೆ, ಮೇಲಿನ ಹೊಲಕ್ಕೆ ಇನ್ನೊಮ್ಮೆ ಯಾವಾಗ ಹೊಡೆಯುತ್ತಾರೆ, ಪಕ್ಕದ ಹೊಲದವರು ಏನು ಮಾಡುತ್ತಾರೆ, ಇದೊಂದೂ ಅವಳಿಗೆ ಗೊತ್ತಾಗುವುದಿಲ್ಲ. ಮಾತು ಕೊಟ್ಟವಳು ಅವಳಾಗುತ್ತಾಳೆ, ಪಂಪು ಇನ್ನೊಬ್ಬರ ಬೆನ್ನ ಮೇಲಿರುತ್ತದೆ.

"ಆ ಮಾತು ನನ್ ಕೈಯಾಗಿಲ್ಲ ಮಂಗಳಾ. ಹೊಡೆಯಾರ್ನ ಕರ್ಸು, ಅವ್ರು ಹೇಳ್ಲಿ."

"ಗಂಡಸ್ರು ಸಂಘದೊಳಗೆ ಬರ್ತಾರೇನಕ್ಕ? ಸುಮ್ನೆ ಹ್ಞೂಂ ಅಂದುಬಿಡು. ಇಲ್ದಿದ್ರೆ ಕಮಿಟಿಯವ್ರು ನಿನ್ ಹೆಸ್ರು ತೆಗಿಯಾಕೆ ಕುಂತವ್ರೆ."

ಮುರುಗಪ್ಪನಿಗೆ ಸಂಜೆ ಹೇಳಿದಾಗ ಅವನು ನಕ್ಕುಬಿಟ್ಟ. "ಹೆಂಗಸ್ರ ಸಂಘಕ್ಕೆ ನಾನ್ ಬಂದು ಕೈ ಕಟ್ಕಂಡು ನಿಂತ್ಕಳ್ಳಾ? ಹಸು ನಿಂದು, ಸಂಘ ನಿಂದು. ನೀನೇ ನೋಡ್ಕ."

ಮಾರನೆಯ ದಿನ ಹೇಮಾವತಿ ಹಾಲು ಕರೆದಳು, ರೊಟ್ಟಿ ಮಾಡಿದಳು. ಕೆರೆ ಏರಿಗೆ ಹೋಗಲಿಲ್ಲ. ಹಸುಗಳು ಮಧ್ಯಾಹ್ನದ ಹೊತ್ತಿಗೆ ಕೂಗಲು ಶುರುಮಾಡಿದವು. ಮುರುಗಪ್ಪ ಒಳಗೆ ಬಂದು ನೋಡಿದರೆ ಅವಳು ಅಕ್ಕಿ ಆರಿಸುತ್ತಿದ್ದಳು.

"ಲೇ, ಹಸು ಒದ್ರಾಕತ್ತಾವೆ, ಕೇಳ್ಸಲ್ವಾ?"

"ಕೇಳ್ಸುತ್ತೆ. ನಿಮ್ಗೂ ಕೇಳ್ಸುತ್ತಲ್ಲ. ಕುಡುಗೋಲು ಅಲ್ಲೈತೆ. ಹುಲ್ಲು ಏರಿ ಮ್ಯಾಲೆ ಆಳುದ್ದ ಬೆಳ್ದೈತೆ ಅಂತ ನೀವೇ ಹೇಳಿದ್ರಿ."

ಅವನು ಬೈಕಿನಲ್ಲಿ ಹೋದ. ಬಹಳ ಹೊತ್ತಿಗೆ ಬಂದ. ಬೈಕಿನ ಹಿಂದೆ ಅರ್ಧ ಹೊರೆ, ಅದರಲ್ಲಿ ಮುಕ್ಕಾಲು ಸೂಜಿಯಂಥ ಒರಟು ಹುಲ್ಲು. ಹಸುಗಳು ಮೂಸಿ ಮುಖ ತಿರುಗಿಸಿದವು. ಅವನ ಅಂಗೈಯಲ್ಲಿ ಗೀರುಗಳಾಗಿದ್ದವು. ಗಂಗಕ್ಕ ಮಗನ ಕೈಗೆ ಎಣ್ಣೆ ಹಚ್ಚಿದಳು. ಸೊಸೆಗೆ ಇಷ್ಟು ದಿನ ಹಚ್ಚಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಎರಡನೆಯ ದಿನವೂ ಹೇಮಾವತಿ ಏರಿಗೆ ಹೋಗದಿದ್ದಾಗ ಮುರುಗಪ್ಪ "ಯಾವಾಗೈತೆ ಸಭೆ?" ಎಂದು ಕೇಳಿದ.

ಭಾನುವಾರ ಮುರುಗಪ್ಪ ಬಂದು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತ. ಒಳಗೆ ಚಾಪೆಯ ಮೇಲೆ ಹೆಂಗಸರು ತುಂಬಿದ್ದರು. ಹಿರಿಯ ಸದಸ್ಯೆ ಹುಲಿಗೆಮ್ಮ ಎಲೆ ಅಡಿಕೆ ಜಗಿಯುತ್ತ ಕೂಗಿದಳು.

"ಒಳಗ್ ಬಾರಪ್ಪ ಮುರುಗಪ್ಪ. ನಾವೇನ್ ಕಚ್ಚಲ್ಲ. ಬೇಕಾದ್ರೆ ಸೆರಗು ಹೊದ್ದಿಸ್ತೀವಿ."

ನಗು ಎದ್ದಿತು. ಮುರುಗಪ್ಪ ಹೊಸ್ತಿಲು ದಾಟಿ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತ. ಮೂಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ ರವೀಂದ್ರನೂ ನಕ್ಕ. ಅಲ್ಲಿದ್ದ ಗಂಡಸರು ಅವರಿಬ್ಬರೇ.

ಮಂಗಳಾ ವಿಷಯ ಹೇಳಿದಳು. ಹೇಮಾವತಿ ಎದ್ದು ನಿಂತಳು. ಅವಳು ಮೊದಲು ತಿರುಗಿದ್ದು ರವೀಂದ್ರನ ಕಡೆಗೆ.

"ನಂದು ಮಿತಿ ದಾಟಿತ್ತು, ಸರಿ. ಮಿಕ್ಕಿದ ಬಾಟ್ಲಿಗಳಾಗೆ ಏನೂ ಇರ್ಲೇ ಇಲ್ವಾ?"

ರವೀಂದ್ರ ತಡವರಿಸಿದ. "ಕೆಲವ್ರದ್ರಾಗೆ ಸ್ವಲ್ಪ ಇತ್ತು. ಮಿತಿ ಒಳಗಿತ್ತು. ಮಿತಿ ಒಳಗಿದ್ರೆ ತೊಂದ್ರೆ ಇಲ್ಲ ಅಂತ ಲೆಕ್ಕ."

"ಯಾರವು?"

"ಅದು ಹೇಳಂಗಿಲ್ಲ ಅಕ್ಕ."

ಎಲ್ಲರೂ ಚಾಪೆ ನೋಡತೊಡಗಿದರು. ಹುಲಿಗೆಮ್ಮ ಎದ್ದು ಹೊರಗೆ ಉಗುಳಿ ಬಂದು ಕೂತಳು.

"ನಾನೂ ತೊಳ್ದೇ ಹಾಕ್ದೆ ಕಣವ್ವ. ಇನ್ನೇನು, ಅಷ್ಟು ಹಸಿರು ಮೇವ ಸಾಯಾಕೆ ಬಿಡ್ಲಾ?"

ಅವಳ ಹಿಂದಿನಿಂದ ಒಬ್ಬಳು "ನಾನು ಬಿಸಿನೀರಾಗೆ ತೊಳ್ದೆ" ಎಂದಳು. ಇನ್ನೊಬ್ಬಳು ಉಪ್ಪು ಹಾಕಿದ್ದಳಂತೆ. ಮಂಗಳಾ ಕೊನೆಗೆ, ತನ್ನ ಮನೆಯಲ್ಲೂ ಬದುವಿನ ಹುಲ್ಲು ಕೊಯ್ದು ಹಾಕಿದ್ದಾಗಿ ಹೇಳಿದಳು. ಅವಳ ಗಂಡ ಹೊಡೆದದ್ದು ಅವಳಿಗೆ ಮೂರು ದಿನದ ಮೇಲೆ ಗೊತ್ತಾಗಿತ್ತು.

ಈಗ ಎಲ್ಲರ ಕಣ್ಣು ಬಾಗಿಲ ಪಕ್ಕಕ್ಕೆ ತಿರುಗಿತು. ಊರಿನ ಪಂಪುಗಳೆಲ್ಲ ಮುರುಗಪ್ಪನ ಬೆನ್ನ ಮೇಲೇ ಇವೆಯೇನೋ ಎಂಬಂತೆ ನೋಡಿದರು.

"ಮ್ಯಾಲಿನ ಹೊಲಕ್ಕೆ ಯಾವಾಗ ಹೊಡೀತೀರಿ?" ಮಂಗಳಾ ಕೇಳಿದಳು.

"ಮಳೆ ನೋಡ್ಕಂಡು."

"ಹೊಡೆಯಾ ಹಿಂದಿನ ದಿನ ಇಲ್ಲಿ ಬಂದು ಹೇಳ್ರಿ. ಯಾವ ಸಾಲು, ಯಾವ ಔಷಧಿ, ದನ ಎಷ್ಟು ದಿನ ಬಿಡಬಾರ್ದು ಅಂತ ಚೀಟಿಯಾಗೆ ಬರ್ದೈತೆ, ಎಲ್ಲಾ."

"ಇವ್ಳಿಗೆ ಹೇಳ್ತೀನಿ ತಗಳ್ರಿ. ಇವ್ಳು ಬಂದು..."

"ನಂಗೆ ಹೇಳಿದ್ರೆ ಮತ್ತೆ ನನ್ ತಲೆ ಮ್ಯಾಲೇ ಬರ್ತೈತೆ" ಎಂದಳು ಹೇಮಾವತಿ. "ನೀವೇ ಬಂದು ಇಲ್ಲಿ ಹೇಳ್ಬೇಕು. ಎಲ್ಲಾರ ಮನೆಯವ್ರೂ ಹೇಳ್ಬೇಕು. ಮತ್ತೆ ನಮ್ ಹೊಲದ ಕೆಳಗಿನ ಪಟ್ಟೆಗೆ ಹೊಡಿಬ್ಯಾಡ್ರಿ. ಅದು ಹಸುಗೆ."

"ಅದ್ರ ಕಳೆ ಯಾರ್ ಕೀಳ್ತಾರೆ?"

ಹೇಮಾವತಿ ಅವನ ಕೈಯ ಗೀರುಗಳನ್ನೇ ನೋಡಿದಳು. ಅವನು ಅಂಗೈ ಉಜ್ಜುತ್ತ ನಿಂತಿದ್ದ.

"ಆತು" ಎಂದ ಕೊನೆಗೆ. "ಇಬ್ರೂ ಕೀಳಾಣ."

"ಬಗ್ಗಿ ಕೀಳಾದಲ್ಲಪ್ಪ, ಕುಂತ್ಕಂಡು ಕೀಳ್ಬೇಕು" ಎಂದಳು ಹುಲಿಗೆಮ್ಮ. "ಮೊದಲ್ನೇ ದಿನ ನಾವೆಲ್ಲಾ ನೋಡಾಕೆ ಬರ್ತೀವಿ."

ಇಷ್ಟಾದ ಮೇಲೆ ಹೇಮಾವತಿ ತನ್ನ ಮಾತು ಕೊಟ್ಟಳು: ಹೇಳಿದ ಹೊಲದಿಂದ, ಹೇಳಿದಷ್ಟು ದಿನ ಒಂದು ಎಸಳನ್ನೂ ತರುವುದಿಲ್ಲ. ಮಿಕ್ಕ ಮನೆಗಳ ಗಂಡಸರು ಬರುತ್ತಾರೋ ಇಲ್ಲವೋ ಯಾರಿಗೂ ಖಾತ್ರಿ ಇರಲಿಲ್ಲ. ಬಾರದಿದ್ದರೆ ಹುಲ್ಲಿಗೆ ಅವರನ್ನೇ ಕಳಿಸೋಣ ಎಂದು ಒಬ್ಬಿಬ್ಬರು ಮಾತಾಡಿಕೊಂಡರು.

ಸೋಮವಾರ ಬೆಳಿಗ್ಗೆ ಹೇಮಾವತಿ ಸಾಲಿನಲ್ಲಿ ನಿಂತಳು. ಸರದಿ ಬಂದಾಗ ಮಂಗಳಾ "ಹೇಮಾವತಿ" ಎಂದು ಕೂಗಿ, ಅಳತೆ ನೋಡಿ, ಹಾಲಿನ ಗಟ್ಟಿತನದ ಡಿಗ್ರಿ ನೋಡಿ, ದೊಡ್ಡ ಕ್ಯಾನಿನ ಮುಚ್ಚಳ ತೆಗೆದಳು. ಹೇಮಾವತಿ ಎರಡೂ ಕೈಯಲ್ಲಿ ತನ್ನ ಕ್ಯಾನ್ ಎತ್ತಿ ಬಗ್ಗಿಸಿದಳು. ಊರಿನ ಹಾಲಿನೊಳಗೆ ಅವಳ ಹಾಲು ಸೇರುವಾಗ ಅವಳು ಕೊನೆಯ ಹನಿ ಬೀಳುವವರೆಗೂ ನೋಡುತ್ತ ನಿಂತಳು.

"ಸಾಕು ಬಾರೇ, ಗಾಡಿ ಬಂದೈತೆ" ಎಂದು ಹಿಂದಿದ್ದವಳು ತನ್ನ ಕ್ಯಾನಿನಿಂದ ಅವಳ ಬೆನ್ನಿಗೆ ಮೆಲ್ಲಗೆ ತಿವಿದಳು.