ಕುಲಕರ್ಣಿಯವರು ಹೊಡೆದ ಗೋಲು

"ಕಡೀ ಮಿನಿಟಿಗೆ ಗೋಲು ಹೊಡದಾಂವ ನಾನೇ ನೋಡ್ರಿ!"

ವಿಜಯವಾಡದ ಬೆಂಜ್ ಸರ್ಕಲ್ ಬಳಿಯ ಹೋಟೆಲಿನಲ್ಲಿ ನನ್ನ ಹಳೆಯ ಬ್ಯಾಂಕ್ ಸಹೋದ್ಯೋಗಿ ಕುಲಕರ್ಣಿಯವರು ಎದೆಯುಬ್ಬಿಸಿ ಹೇಳುತ್ತಿದ್ದರು. ನಮ್ಮೂರು ಪೆಂಡುರ್ತಿಯ ಪುಟ್ಟ ಹಾಕಿ ಕ್ಲಬ್ಬಿನ ಇತಿಹಾಸ ಬರೆಯಲು ಹೊರಟಿದ್ದ ಕಾರ್ಯದರ್ಶಿ ಅದನ್ನು ಭಕ್ತಿಯಿಂದ ಗೀಚಿಕೊಂಡರು. ನನ್ನ ಕೈಯಲ್ಲಿದ್ದ ಇಡ್ಲಿ ಬಾಯಿಗೆ ಹೋಗದೆ ಅಲ್ಲೇ ನಿಂತಿತು. ನಮ್ಮ ಕ್ಲಬ್ಬು ಕಪ್ ಗೆದ್ದ ಆ ಪಂದ್ಯಕ್ಕೆ ಎರಡು ದಿನ ಮೊದಲೇ ಅವರು ಇದೇ ವಿಜಯವಾಡಕ್ಕೆ ವರ್ಗವಾಗಿ ಬಂದಿದ್ದರು. ಆಟಗಾರರ ಪಟ್ಟಿಯಲ್ಲಿ ಉಳಿದಿದ್ದ ಅವರ ಹೆಸರಿನಲ್ಲಿ ಆಡಿ ಗೋಲು ಹೊಡೆದವನು ನಾನು! ಆದರೆ ಬಾಯಿಬಿಟ್ಟರೆ ಕ್ಲಬ್ಬಿನ ಏಕೈಕ ಕಪ್ ಕಳ್ಳಮಾಲಾಗುತ್ತದೆ. ಸುಮ್ಮನೆ ಚಪ್ಪಾಳೆ ತಟ್ಟಿದೆ.

"ಅವತ್ತ ನೀವೂ ಮ್ಯಾಚ್ ನೋಡ್ಲಿಕ್ಕೆ ಬಂದಿದ್ರಿ, ಹೌದಲ್ರಿ?" ಎಂದು ಕುಲಕರ್ಣಿಯವರು ನನ್ನತ್ತ ಕಣ್ಣು ಮಿಟುಕಿಸಿದರು.

ಈಗ ಅಚ್ಚಾಗಿರುವ ಇತಿಹಾಸದಲ್ಲಿ ನಾನು ಬರೀ ಪ್ರೇಕ್ಷಕ. ಅಂದು ಸ್ಟಿಕ್ಕಿನೇಟು ತಿಂದ ಮೊಣಕಾಲಿನ ಕಲೆ ಮಾತ್ರ ಇನ್ನೂ ನನ್ನ ಹೆಸರಿನಲ್ಲೇ ಇದೆ.