ನಮ್ಮವರನ್ನು ಕಚ್ಚುತ್ತಿದ್ದ ಮೀನು

ನಮ್ಮವರು ಮೀನುಮನೆಯಲ್ಲಿ ಕೆಲಸಕ್ಕಿದ್ದಾರೆ. ಬಾಗಿಲಲ್ಲಿ ಟಿಕೆಟ್ ಹರಿದುಕೊಡುವವಳು ನಾನು. ಒಳಗೆ ಗಾಜಿನ ತೊಟ್ಟಿಗಳನ್ನು ತಿಕ್ಕಿ, ಉಪ್ಪುನೀರು ಬದಲಿಸಿ, ಮೀನುಗಳಿಗೆ ಮೇವು ಹಾಕುವವರು ಅವರು. ನಮ್ಮ ಯಜಮಾನರಿಗೆ ಈಜು ಬಾರದು. ಸಮುದ್ರವನ್ನು ದಡದಲ್ಲಿ ನಿಂತು ನೋಡಿದ್ದಷ್ಟೇ, ಅದೂ ಪಾದ ಒದ್ದೆಯಾಗದಷ್ಟು ದೂರದಿಂದ.

ಜನ ಬರುವುದು ಹಳದಿ, ನೀಲಿ, ಪಟ್ಟೆಪಟ್ಟೆ ಮೀನು ನೋಡುವುದಕ್ಕೆ. ಇವರ ಮನಸ್ಸು ನೆಟ್ಟಿದ್ದು ನಾಲ್ಕನೆಯ ತೊಟ್ಟಿಯ ಒಂದು ಕಂದು ಮೀನಿನ ಮೇಲೆ. ಅಂಗೈಯಗಲದ ಮೈ, ಉಜ್ಜದ ಬಾಣಲೆಯ ಬಣ್ಣ. ಬೆಚ್ಚಗಿನ ಸಮುದ್ರಗಳಲ್ಲಿ, ಬಿಸಿಲು ತಳ ಮುಟ್ಟುವಂಥ ಕಡಿಮೆ ಆಳದ ಹವಳದ ದಿಬ್ಬಗಳಲ್ಲಿ ಅದರ ವಾಸ. ಕೆಲಸ, ಬೇಸಾಯ. ಸತ್ತ ಹವಳದ ಮೇಲೆ ತಟ್ಟೆಯಷ್ಟು ಜಾಗ ಹಿಡಿದು, ತನಗೆ ರುಚಿಸುವ ಎಳೆಪಾಚಿಯನ್ನಷ್ಟೇ ಬೆಳೆಸುತ್ತದೆ. ಬೇರೆ ಪಾಚಿ ತಲೆಯೆತ್ತಿದರೆ ಬಾಯಲ್ಲಿ ಕಿತ್ತು, ಆಚೆ ಒಯ್ದು ಉಗುಳುತ್ತದೆ. ಮೇಯಲು ಬಂದವರು ತನಗಿಂತ ಹತ್ತು ಪಾಲು ದೊಡ್ಡವರಾದರೂ ಮೈಮೇಲೆ ಬೀಳುತ್ತದೆ. ನಾವೆಲ್ಲ ಅದನ್ನು ತೋಟಗಾರ ಎನ್ನುತ್ತಿದ್ದೆವು.

ತೋಟಗಾರ ಇವರನ್ನು ಕಚ್ಚುತ್ತಿತ್ತು. ಉಳಿದ ಕೆಲಸದವರು ಉದ್ದ ಹಿಡಿಯ ಬ್ರಷ್ಷು, ಚಿಮಟ ಹಿಡಿದು ದೂರದಿಂದಲೇ ಕೆಲಸ ಮುಗಿಸುವವರು. ಬರಿಗೈ ಇಳಿಸುತ್ತಿದ್ದವರು ಇವರೊಬ್ಬರೇ. ಸಂಜೆ ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲೇ ಹೆಬ್ಬೆರಳ ಬುಡದ ಕೆಂಪು ಗುರುತು ತೋರಿಸುವರು. "ನೋಡೇ, ಇವತ್ತು ಎರಡು ಸಲ. ನನ್ನೊಬ್ಬನ್ನೇ ಕಣೇ ಅದು ಹೀಗೆ ಕಚ್ಚೋದು."

ಹನ್ನೊಂದು ವರ್ಷ ಇದನ್ನೇ ಕೇಳಿದೆ. ನಾನು ಹೊಸ ಕನ್ನಡಕ ಹಾಕಿಕೊಂಡು ಎಂಟು ದಿನ ಎದುರಿಗೇ ಓಡಾಡಿದರೂ ಅವರ ಕಣ್ಣಿಗೆ ಬೀಳಲಿಲ್ಲ. ಆ ಮೀನಿನ ರೆಕ್ಕೆಯ ಅಂಚು ಕೂದಲೆಳೆಯಷ್ಟು ಹರಿದರೆ ಊಟ ಸೇರುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ಸವತಿಯಾಗಿದ್ದರೆ ಜಡೆ ಹಿಡಿದು ಜಗಳವಾಡಬಹುದಿತ್ತು. ಮೀನಿಗೆ ಜಡೆಯೂ ಇಲ್ಲ.

ಹೀಗಿರುವಾಗ ಡೈವರ್ ಬಂದ. ಇಪ್ಪತ್ತು ವರ್ಷ ಸಮುದ್ರದಡಿ ಕೆಲಸ ಮಾಡಿ, ಕಿವಿ ಕೆಟ್ಟು, ಇನ್ನು ನೀರಿಗಿಳಿಯಬೇಡ ಎಂದು ಡಾಕ್ಟರು ಹೇಳಿದ ಮೇಲೆ ನಮ್ಮಲ್ಲಿಗೆ ಸೇರಿದವನು. ಮೊದಲ ದಿನವೇ ತೋಳು ಮಡಚಿ ನಾಲ್ಕನೆಯ ತೊಟ್ಟಿಗೆ ಕೈ ಇಳಿಸಿದ. ತೋಟಗಾರ ನುಗ್ಗಿ ಬಂದು ಕಚ್ಚಿತು. ಅವನು ಗಟ್ಟಿಯಾಗಿ ನಕ್ಕ.

"ಇವುಗಳ ಜಾತೀನೇ ಹೀಗೆ," ಎಂದ. "ದಿಬ್ಬದ ಮೇಲೆ ಹೋದ್ರೆ ಸಾಲಾಗಿ ಬಂದು ಕಚ್ತವೆ. ನನ್ನ ಕಿವೀನೂ ಬಿಟ್ಟಿಲ್ಲ."

ನಮ್ಮವರು ಮೇವಿನ ಬಟ್ಟಲು ಹಿಡಿದು ಪಕ್ಕದಲ್ಲೇ ಇದ್ದರು. ಮುಖ ಇಂಗು ತಿಂದ ಮಂಗನ ಹಾಗಾಯಿತು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಹೊಟ್ಟೆ ಉರಿಯುವುದೆಂದರೆ ಏನೆಂದು ಇವರಿಗೂ ಗೊತ್ತಾಗಲಿ ಎಂದುಕೊಂಡೆ.

ಗೊತ್ತಾಯಿತು. ಅಂದಿನಿಂದ ಇವರು ಮನೆಗೆ ಬಂದರೆ ಬಾಯಿ ತೆರೆಯುತ್ತಿದ್ದುದು ಡೈವರನ್ನು ಬೈಯುವುದಕ್ಕೇ. ಅವನೋ ಚಹಾದ ಹೊತ್ತಿಗೆ ಎಲ್ಲರನ್ನೂ ಸುತ್ತ ಕೂರಿಸಿಕೊಂಡು, ಈ ಜಾತಿಯ ಮೀನೊಂದು ತನ್ನ ತೋಟಕ್ಕೆ ಉರುಳಿ ಬಂದ ಮುಳ್ಳುಂಡೆಯಂಥ ಪ್ರಾಣಿಯನ್ನು ಒಂದು ಮುಳ್ಳು ಕಚ್ಚಿಕೊಂಡು ಎತ್ತಿ ಆಚೆ ಹಾಕಿದ್ದನ್ನು ಕಣ್ಣಾರೆ ಕಂಡೆ ಎಂದು ಹೇಳುತ್ತಿದ್ದ. ಇವರು ಎದ್ದು ಹೋಗಿ ಒಣಗಿದ ಬಕೆಟ್ಟುಗಳನ್ನೇ ಮತ್ತೆ ತೊಳೆಯುತ್ತಿದ್ದರು. "ಸಮುದ್ರದಲ್ಲಿ ನೋಡಿದ್ರೆ ಏನಂತೆ? ಇದನ್ನ ಸಾಕಿದ್ದು ಯಾರು?" ಎಂದು ನನ್ನ ಮೇಲೆ ರೇಗಿದರು, ನಾನೇ ಸಮುದ್ರದಿಂದ ಎದ್ದು ಬಂದವಳಂತೆ.

ಆಮೇಲೆ ಡೈವರ್ ಒಂದು ಹೆಣ್ಣುಮೀನನ್ನು ತರಿಸಿ ಆ ತೊಟ್ಟಿಗೆ ಬಿಟ್ಟ. ತಿಂಗಳೊಳಗೆ ಹೆಣ್ಣು ಬಂದು ತೋಟದ ನಡುವಿನ ಕಲ್ಲಿನ ಮೇಲೆ ಮೊಟ್ಟೆಯಿಟ್ಟು ಹೋಯಿತು. ಕಾಯುವುದು ಗಂಡಿನ ಪಾಲು. ತೋಟಗಾರ ಹಗಲೆಲ್ಲ ಕಲ್ಲಿನ ಮುಂದೆ ನಿಂತು ರೆಕ್ಕೆ ಬೀಸಿ ಮೊಟ್ಟೆಗಳಿಗೆ ನೀರು ಆಡಿಸುತ್ತಿತ್ತು, ಹತ್ತಿರ ಸುಳಿದವರನ್ನೆಲ್ಲ ಅಟ್ಟುತ್ತಿತ್ತು. ನಾಲ್ಕೈದು ದಿನಕ್ಕೆ ಮರಿಯಾಗಬೇಕು. ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಎಲ್ಲರೂ ಡೈವರನ ಬೆನ್ನು ತಟ್ಟಿದರು. ಇವರ ಬೆನ್ನು ಯಾರಿಗೂ ಕಾಣಲಿಲ್ಲ.

ಮೂರನೆಯ ದಿನ ಡೈವರನಿಗೆ ವಾರದ ರಜೆ. ಈ ಕೆಲಸದಲ್ಲಿ ಒಂದು ಹಳೆಯ ಪದ್ಧತಿಯಿದೆ: ಜಗಳಗಂಟ ಮೀನಿರುವ ತೊಟ್ಟಿಗೆ ಹೊಸ ಮೀನು ಬಿಡುವಾಗ ಒಳಗಿನ ಕಲ್ಲುಗಳನ್ನೆಲ್ಲ ಅದಲುಬದಲು ಮಾಡುತ್ತಾರೆ. ಇದು ನನ್ನ ಜಾಗ ಎಂಬ ಹಟ ಆಗ ಹಳೆಯ ಮೀನಿಗೆ ಮರೆತುಹೋಗುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ನಮ್ಮವರು ಹದಿನಾಲ್ಕು ಕಲ್ಲುಗಳನ್ನೂ ಸರಿಸಿದರು. ಮೊಟ್ಟೆಯ ಕಲ್ಲನ್ನು ಮಾತ್ರ ಮೆಲ್ಲಗೆ ಎತ್ತಿ ಮೂಲೆಯಲ್ಲಿಟ್ಟರಂತೆ. ತೋಟಗಾರ ಎಲ್ಲವನ್ನೂ ಮರೆಯಲಿ, ಹೊಸದಾಗಿ ಕಣ್ಣು ಬಿಟ್ಟಾಗ ಎದುರಿಗೆ ತಮ್ಮ ಕೈಯೊಂದೇ ಇರಲಿ ಎಂಬುದು ಇವರ ಲೆಕ್ಕ. ಇದನ್ನು ನನಗೆ ಹೇಳಿದ್ದು ಆಮೇಲೆ, ತಲೆ ತಗ್ಗಿಸಿಕೊಂಡು.

ತೋಟಗಾರ ತನ್ನ ಹಳೆಯ ಜಾಗದ ಬರಿ ಮರಳನ್ನು ಸುತ್ತುತ್ತಿದ್ದಾಗ ಮಿಕ್ಕ ಮೀನುಗಳು ಮೂಲೆಯ ಕಲ್ಲಿಗೆ ಮುತ್ತಿಗೆ ಹಾಕಿದವು. ಮಧ್ಯಾಹ್ನದೊಳಗೆ ಒಂದು ಮೊಟ್ಟೆಯೂ ಉಳಿಯಲಿಲ್ಲ. ಪಾಚಿಯನ್ನೂ ಬೋಳು ಬೋಳಾಗಿ ಮೇಯ್ದವು. ಇವರು ಕೈ ಇಳಿಸಿ ತುಂಬ ಹೊತ್ತು ನಿಂತರು. ತೋಟಗಾರ ನೀರಿನ ಪೈಪಿನ ಹಿಂದಿನಿಂದ ಕದಲಲಿಲ್ಲ.

ಮರುದಿನ ಡೈವರ್ ಬಂದು ನೋಡಿದವನೇ ಕಲ್ಲು ಯಾರು ಸರಿಸಿದ್ದು ಎಂದು ಕೇಳಿದ. ನಾನು ಟಿಕೆಟ್ ಪುಸ್ತಕದಲ್ಲಿ ಮುಖ ಹುದುಗಿಸಿದೆ. ಇವರು ಮುಂದೆ ಬಂದು, "ನಾನೇ. ಹೊಟ್ಟೆಕಿಚ್ಚಿಗೆ," ಎಂದರು. ಡೈವರ್ ತೊಟ್ಟಿಯತ್ತ ತಿರುಗಿದ. "ಮೊದಲಿದ್ದ ಹಾಗೇ ಇಡಿ ಅಣ್ಣ. ಯಾವುದು ಎಲ್ಲಿತ್ತು ಅಂತ ನಿಮಗೊಬ್ಬರಿಗೇ ಗೊತ್ತಿರೋದು," ಎಂದ.

ಇಟ್ಟರು. ಹದಿನಾಲ್ಕೂ ಕಲ್ಲು, ಒಂದೂ ತಪ್ಪದೆ. ಆದರೆ ಪಾಚಿ ಹೇಳಿದ ತಕ್ಷಣ ಬೆಳೆಯುವುದಿಲ್ಲ. ಇಬ್ಬರೂ ದಿನಕ್ಕೊಮ್ಮೆ ಸರದಿಯಲ್ಲಿ ಕೈ ಇಳಿಸುತ್ತಿದ್ದರು. ಮೀನು ಯಾರನ್ನೂ ಕಚ್ಚಲಿಲ್ಲ. ಸಂಜೆ ಇವರ ಕೈ ನೋಡುತ್ತಿದ್ದೆ: ಹಳೆಯ ಗುರುತುಗಳೆಲ್ಲ ಮಾಸಿ, ಯಾರದೋ ಕೈಯಂತೆ ಸ್ವಚ್ಛವಾಗಿತ್ತು. ಹನ್ನೊಂದು ವರ್ಷದಿಂದ ನಾನು ಬಯಸಿದ್ದು ಇದನ್ನೇ. ನೋಡಲಾಗಲಿಲ್ಲ.

ಒಂದೂವರೆ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಡೈವರ್ ನನ್ನ ಟಿಕೆಟ್ ಕಿಟಕಿಯ ಮುಂದೆ ಬಂದು ನಿಂತ. ಬಲಗೈ ಜೇಬಿನಲ್ಲಿತ್ತು. ಬೀಗದ ಕೈ ಕೊಡುವಾಗ ಹೊರತೆಗೆಯಲೇಬೇಕಾಯಿತು. ಬೆರಳ ಸಂದಿಯಲ್ಲಿ ಕೆಂಪು ಗುರುತು. ನಾನು ನೋಡಿದ್ದನ್ನು ಅವನೂ ನೋಡಿದ. "ಅಣ್ಣನಿಗೆ ಹೇಳಬೇಡಿ ಅಕ್ಕ," ಎಂದು ಹೊರಟುಹೋದ.

ಎರಡು ದಿನ ಬಿಟ್ಟು ನಮ್ಮವರು ಚಪ್ಪಲಿಯ ಸಮೇತ ಒಳಗೆ ಬಂದರು, ಕೈ ಚಾಚಿಕೊಂಡು. "ನೋಡೇ! ಮೊದಲು ಕಚ್ಚಿದ್ದು ನನ್ನನ್ನೇ. ಅವನಿಗಿನ್ನೂ ಗೊತ್ತೇ ಇಲ್ಲ."

ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂದೇ ಒಂದು ಮಾತು ಆಡಿದ್ದರೆ ಹನ್ನೊಂದು ವರ್ಷದ ಉರಿ ತಣ್ಣಗಾಗುತ್ತಿತ್ತು.

"ಹೂಂ ರೀ, ನಿಮ್ಮನ್ನೇ," ಎಂದೆ. ಕೈ ತೊಳೆಸಿ, ಒರೆಸಿ, ಮುಲಾಮು ಹಚ್ಚಿದೆ. ಅವರ ಮುಖದ ತುಂಬ ನಗುವಿತ್ತು. ಆ ನಗು ನನಗಾಗಿ ಅಲ್ಲವೆಂದು ಗೊತ್ತಿತ್ತು. ಗೊತ್ತಿದ್ದೂ, ಮುಲಾಮು ಒಣಗಿದ ಮೇಲೂ ಆ ಕೈಯನ್ನು ಬಿಡಲಿಲ್ಲ.