ಗೇಟಿನವ್ವ ಹೇಳಿದ ಒಂದನೇ ಭಾಗ

ಹೋದ ವಾರ ಅಕ್ಕ ಮತ್ತು ನಾನು ಕೊಪ್ಪಳಕ್ಕೆ ಸಿನಿಮಾ ನೋಡಲು ಹೋಗಿದ್ದೆವು. ಶುರುವಾಗಿ ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ ತಡವಾಗಿ ಒಳಗೆ ಬಂದಳು. ಮೊಬೈಲಿನ ಲೈಟು ಉಳಿದವರ ಕಣ್ಣಿಗೆ ಹೊಡೆಯದಿರಲೆಂದು ಅದಕ್ಕೆ ಅಂಗೈ ಮುಚ್ಚಿಕೊಂಡಿದ್ದಳು. ಬೆರಳುಗಳ ಸಂದಿ ಕೆಂಡದ ಹಾಗೆ ಕೆಂಪಗೆ ಕಂಡಿತು. ಅಷ್ಟೇ ನೋಡಿ... ತೆರೆಯ ಮೇಲಿನ ಹಡಗು ಎಲ್ಲೋ ಹೋಯಿತು, ನಾನು ಇನ್ನೆಲ್ಲೋ ಹೋದೆ. ಗಂಗಾವತಿಯ ಹಳೆಯ ಟಾಕೀಸಿನಲ್ಲಿ ಹೀಗೆಯೇ ಬ್ಯಾಟರಿಗೆ ಅಂಗೈ ಮುಚ್ಚಿ ನಮಗೆ ದಾರಿ ತೋರಿಸುತ್ತಿದ್ದವಳು ನೆನಪಾದಳು.

ಹೆಣ್ಣುಮಕ್ಕಳ ಬಾಗಿಲಲ್ಲಿ ನಿಂತು ಟಿಕೀಟು ಹರಿಯುವುದು ಅವಳ ಕೆಲಸ. ಹೆಸರು ಕೇಳಿದವರಿಲ್ಲ; ಎಲ್ಲರಿಗೂ ಅವಳು ಗೇಟಿನವ್ವ. ಆಂಧ್ರದಿಂದ ಬಂದು ನೆಲೆಸಿದವರ ಕಾಲುವೆ ಕ್ಯಾಂಪಿನ ಕಡೆಯವಳಾದ್ದರಿಂದ ತೆಲುಗು ಚೆನ್ನಾಗಿ ಬರುತ್ತಿತ್ತು. ಆಗ ನಮ್ಮಲ್ಲಿಗೆ ಬರುತ್ತಿದ್ದ ಇಂಗ್ಲಿಷ್ ಸಿನಿಮಾಗಳೆಲ್ಲ ತೆಲುಗಿನಲ್ಲೇ ಮಾತಾಡುತ್ತಿದ್ದವು. ಬಯಲಾಟಕ್ಕೆ ತಡವಾಗಿ ಬಂದವರಿಗೆ ಮೊದಲೇ ಕೂತವರು ಹಿಂದಿನ ಕಥೆ ಹೇಳಿ ಜಾಗ ಕೊಡುವುದು ನಮ್ಮ ಕಡೆಯ ರೂಢಿ. ಅದನ್ನೇ ಅವಳು ಟಾಕೀಸಿಗೂ ತಂದಿದ್ದಳು. ತಿಳಿಯದವರ ಪಕ್ಕ ಕೂತು, ಹಿಂದಿನದನ್ನೆಲ್ಲ ಕಿವಿಯಲ್ಲಿ ಹೇಳಿಯೇ ಏಳುವಳು.

ಆಗ ನಾನು ಮದುವೆಯಾಗಿ ಬಂದು ಒಂದು ವರ್ಷವಾಗಿತ್ತೇನೋ. ಕುಷ್ಟಗಿ ಕಡೆಯ ನಮ್ಮ ಊರಿಂದ ಅಕ್ಕ ಮೊದಲು ಗಂಗಾವತಿಯ ಈ ಮನೆಗೆ ಸೊಸೆಯಾಗಿ ಬಂದಳು; ಆಮೇಲೆ ತನ್ನ ಮೈದುನನಿಗೆ ನನ್ನನ್ನು ತಂದುಕೊಂಡಳು. ಒಂದು ದಿನ ರೊಟ್ಟಿ ಬಡಿಯುವಾಗ ಮಾತಿಗೆ ಮಾತು ಬೆಳೆದು, ನೆರೆಯವರ ಮುಂದೆಯೇ ಅಂದುಬಿಟ್ಟಳು: "ನಾ ತರಲಿಲ್ಲಂದ್ರ ನಿನ್ನ ಯಾರ ಕೇಳ್ತಿದ್ರು?"

ಅವತ್ತಿನಿಂದ ಮಾತು ನಿಂತಿತು. ಒಂದೇ ಒಲೆ, ಒಂದೇ ಬಚ್ಚಲು. ಉಪ್ಪು ಬೇಕಾದರೆ ಅವಳು ಬೆಕ್ಕಿಗೆ ಹೇಳುವಳು. ನಳಕ್ಕೆ ನೀರು ಬಂತೆಂದು ನಾನು ಗೋಡೆಗೆ ಹೇಳುವೆ. ನಮ್ಮತ್ತೆ ನೋಡಿ ನೋಡಿ ಸಾಕಾಗಿ, "ಬೆಕ್ಕಿಗೂ ಬ್ಯಾಸರ ಬಂದೈತಿ. ಇಬ್ಬರೂ ಸಿನಿಮಾಕ್ಕರ ಹೋಗಿ ಬರ್ರಿ, ಏಳ್ರಿ" ಎಂದು ಒಂದು ಮಧ್ಯಾಹ್ನ ನಮ್ಮನ್ನು ಹೊರದೂಡಿದರು.

ಅವತ್ತು ನಡೆಯುತ್ತಿದ್ದುದು, ಹೊಸ ಭೂಮಿ ಹುಡುಕಿಕೊಂಡು ನಕ್ಷತ್ರಗಳ ನಡುವೆ ಹೊರಟ ಹಡಗಿನ ಸಿನಿಮಾ. ಅದೂ ಎರಡನೇ ಭಾಗ! ಒಂದನೇ ಭಾಗ ಗಂಗಾವತಿಗೆ ಬಂದೇ ಇರಲಿಲ್ಲ. ನನಗೆ ಅಂಥ ಸಿನಿಮಾ ಎಂದರೆ ಸುಮ್ಮನೆ ಖುಷಿ. ವಿಜ್ಞಾನ ಗಿಜ್ಞಾನ ಏನೂ ತಿಳಿಯುತ್ತಿರಲಿಲ್ಲ. ಊರಷ್ಟು ದೊಡ್ಡ ಹಡಗು ಹೊರಳುವಾಗ ಟಾಕೀಸಿನ ತಗಡೆಲ್ಲ ಗಡಗಡ ಎನ್ನುತ್ತಿತ್ತಲ್ಲ, ಅಷ್ಟು ಸಾಕಿತ್ತು. ಆದರೆ ಅವತ್ತು ಅಕ್ಕ ಮತ್ತು ನಾನು ನಡುವೆ ಒಂದು ಖುರ್ಚಿ ಖಾಲಿ ಬಿಟ್ಟು ಕೂತಿದ್ದೆವು. ತೆರೆಯ ಮೇಲೂ ಅದೇ ಹಣೆಬರಹ. ಹಡಗು ನಡೆಸುವ ಕಬ್ಬಿಣದ ಕೈಯವಳು ಒಬ್ಬಳು, ಯಂತ್ರ ರಿಪೇರಿ ಮಾಡುವ ಸಣ್ಣವಳು ಒಬ್ಬಳು; ಒಬ್ಬರಿಗೊಬ್ಬರು ಮುಖ ಕೊಡುತ್ತಿಲ್ಲ. ಯಾಕೆ ಎನ್ನುವುದು ಒಂದನೇ ಭಾಗಕ್ಕೇ ಗೊತ್ತು.

ಗೇಟಿನವ್ವ ಬಂದಳು. ಆ ಕೆಂಪು ಬೆಳಕನ್ನು ಖಾಲಿ ಖುರ್ಚಿಯ ಮೇಲೆ ಹಿಡಿದಳು, ಒಂದೇ ಅಚ್ಚಿನಂತಿದ್ದ ನಮ್ಮಿಬ್ಬರ ಮುಖ ನೋಡಿದಳು, ನಡುವೆ ಕೂತುಬಿಟ್ಟಳು.

"ಅವರಿಬ್ಬರೂ ಅಕ್ಕ-ತಂಗೇರವ್ವಾ," ಎಂದಳು. "ಹಿಂದಿನದರಾಗ ಹಳೇ ಭೂಮಿಗೆ ಬೆಂಕಿ ಹತ್ತಿತ್ತ. ಹಡಗಿನ ಬಾಗಲಾ ಮುಚ್ಚಾಕ ಹತ್ತಿತ್ತ, ತಂಗಿ ಇನ್ನೂ ಹೊರಗ. ಅಕ್ಕ ಕೈ ಅಡ್ಡ ಕೊಟ್ಳು. ತಂಗಿ ಒಳಗ ಬಂದ್ಲು, ಅಕ್ಕನ ಕೈ ಹೋತು."

"ಅಯ್ಯ! ಮತ್ಯಾಕ ಮಾತಿಲ್ಲ?" ನಾನು ಕೇಳಿದೆ.

"ಒಂದಿನ ಸಿಟ್ಟಿನಾಗ ಅಕ್ಕ ಏನೋ ಅಂದಾಳ. ತಂಗೀಗೆ ಮಾತ ನೆನಪೈತಿ, ಕೈ ಮರತೈತಿ."

ಕತ್ತಲಲ್ಲಿ ನನ್ನ ಕಿವಿ ಬಿಸಿಯಾದವು. ಹೆಂಡತಿ ಸತ್ತ, ವಯಸ್ಸಾದವನೊಬ್ಬನಿಗೆ ನನ್ನನ್ನು ಕೊಡಲು ಅಪ್ಪ ಒಪ್ಪಿಬಿಟ್ಟಿದ್ದ. ಆಗ ತವರಿಗೆ ಓಡಿಬಂದು, ಅನ್ನ ಬಿಟ್ಟು ಕೂತು, ತನ್ನ ಗಂಡನ ಮನೆಯವರ ಕಾಲು ಹಿಡಿದು ನನ್ನನ್ನು ಬಿಡಿಸಿಕೊಂಡವಳು ಅಕ್ಕನೇ...

ಅಷ್ಟರಲ್ಲಿ ಆಚೆ ಕಡೆಯಿಂದ ಅಕ್ಕ, ಕಣ್ಣು ತೆರೆಯ ಮೇಲೇ ಇಟ್ಟು, "ಏನ ಮಾಡಿದ್ರೂ ಅಕ್ಕ ಆದಾಕಿ ಹಂಗ ಅನ್ನಬಾರದಿತ್ತ ಬಿಡ್ರಿ" ಎಂದಳು.

"ಅಂದ್ರ ಅನ್ನಲಿ ಬಿಡ್ರಿ. ಅಕ್ಕ ಅಲ್ಲೇನು?" ನಾನೂ ಗೇಟಿನವ್ವನಿಗೇ ಹೇಳಿದೆ.

"ನನ್ನ ನಡುವ ಕುಂದರಿಸಿ ಎಷ್ಟೊತ್ತ ಮಾತಾಡ್ತೀರವ್ವಾ? ನನಗ ಗೇಟ ಐತಿ," ಎಂದು ಅವಳು ಎದ್ದಳು. ಅವಳು ಕೂತು ಬೆಚ್ಚಗಾಗಿದ್ದ ಖುರ್ಚಿಗೆ ಅಕ್ಕ ಸರಿದಳು.

ಮನೆಗೆ ಬರುವ ದಾರಿಯುದ್ದಕ್ಕೂ ಬರೀ ಸಿನಿಮಾದ ಮಾತು. "ಹಡಗು ಬೋರಲ ಬಿದ್ದಾಗ ನನ್ನ ತೋಳ ಚೂಟಿದಿ ನೋಡು, ಕೆಂಪಗಾಗೇತಿ," ಎಂದು ಅಕ್ಕ ಬೈದಳು. ಅವತ್ತಿನಿಂದ ನಮ್ಮ ಮನೆಯ ಬೆಕ್ಕಿಗೆ ಯಾರೂ ಉಪ್ಪು ಕೇಳಲಿಲ್ಲ.

ಇದನ್ನು ಗೇಟಿನವ್ವನಿಗೆ ಹೇಳಬೇಕೆಂದುಕೊಂಡಿದ್ದೆವು. ಇವತ್ತು, ನಾಳೆ... ಟಾಕೀಸು ಮುಚ್ಚಿ ಕಲ್ಯಾಣಮಂಟಪವಾಯಿತು. ಅವಳು ತೀರಿಕೊಂಡ ಸುದ್ದಿ ನಮಗೆ ತಲುಪುವಷ್ಟರಲ್ಲಿ ಬಹಳ ದಿನಗಳಾಗಿದ್ದವು.

ಈಗ ಇಷ್ಟು ವರ್ಷಗಳ ಮೇಲೆ ಮೂರನೇ ಭಾಗ ಬಂದಿದೆ; ನಾವು ಕೊಪ್ಪಳಕ್ಕೆ ಹೋಗಿದ್ದು ಅದಕ್ಕೇ. ಹೊರಡುವ ಹಿಂದಿನ ದಿನ, "ಒಂದನೇದ ನೋಡಲಾರದ ಮೂರನೇದ ಏನ ನೋಡ್ತಿ ಬೇ?" ಎಂದು ಮಗಳು ಮೊಬೈಲಿನಲ್ಲಿ ಒಂದನೇ ಭಾಗ ಹಚ್ಚಿಕೊಟ್ಟಳು. ಅಕ್ಕ ಮತ್ತು ನಾನು ತಲೆಗೆ ತಲೆ ಹಚ್ಚಿ ನೋಡಿದೆವು. ಅವರು ಅಕ್ಕ-ತಂಗಿಯರೇ ಅಲ್ಲ! ಒಬ್ಬಳು ಹಡಗಿನ ಅಧಿಕಾರಿ, ಇನ್ನೊಬ್ಬಳು ಕದ್ದು ಹಡಗು ಹತ್ತಿದವಳು. ಕೈ ಮೊದಲಿನಿಂದಲೂ ಕಬ್ಬಿಣದ್ದೇ. ಬೆಂಕಿಯೂ ಇಲ್ಲ. ಕೊನೆಯವರೆಗೂ ಕಾದು, "ಬಾಗಲಾ ಎಲ್ಲೈತಲೇ?" ಎಂದಳು ಅಕ್ಕ. ಆಗಲೇ ನಮಗೆ ಹೊಳೆದದ್ದು: ಒಂದನೇ ಭಾಗವನ್ನು ಗೇಟಿನವ್ವನೂ ನೋಡಿರಲಿಲ್ಲ. ಅವಳು ನೋಡಿದ್ದು ನಮ್ಮ ನಡುವಿನ ಖಾಲಿ ಖುರ್ಚಿಯನ್ನು.

ಕೊಪ್ಪಳದಲ್ಲಿ, ತಡವಾಗಿ ಬಂದ ಆ ಹುಡುಗಿ ಅಕ್ಕನ ಪಕ್ಕವೇ ಕೂತಳು. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಕೇಳಿದಳು: "ದೊಡ್ಡಮ್ಮಾರ, ಆಕೀ ಕೈಗೆ ಏನಾಗೇತ್ರಿ? ನಾ ಹಿಂದಿನವು ನೋಡಿಲ್ಲ."

ಅಕ್ಕ ಒಮ್ಮೆ ನನ್ನ ಕಡೆ ತಿರುಗಿದಳು. ನಾನು ತೆರೆಯಿಂದ ಕಣ್ಣು ತೆಗೆಯಲಿಲ್ಲ.

"ಅವರಿಬ್ಬರೂ ಅಕ್ಕ-ತಂಗೇರವ್ವಾ," ಎಂದು ಶುರು ಮಾಡಿದಳು ಅಕ್ಕ. "ಹಳೇ ಭೂಮಿಗೆ ಬೆಂಕಿ ಹತ್ತಿತ್ತ..."

ನನ್ನ ತೋಳಿಗೆ ಅವಳ ತೋಳು ತಾಗಿತ್ತು. ಗೇಟಿನವ್ವ ಈಗ ಬಂದಿದ್ದರೆ, ಪಾಪ, ನಮ್ಮ ನಡುವೆ ಕೂರಲು ಅವಳಿಗೆ ಜಾಗವೇ ಇರುತ್ತಿರಲಿಲ್ಲ...